‘ಸೀಮಿತ ದಾಳಿ’ ಯಾರಿಗೆ ಸೀಮಿತ?



ಯುದ್ಧನೌಕೆಯಿಂದ ಬೆಂಕಿ ಉಗುಳುತ್ತಾ ಮೇಲೇಳುವ ಕ್ಷಿಪಣಿಯ ವಿಡಿಯೋಗಳು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಹಿನ್ನೆಲೆಗೆ ಸಂಗೀತ, ಕೆಳಗೆ ಸಾಲು ಸಾಲು ಚಪ್ಪಾಳೆ. ಯಾರಾದರೂ ಆಕ್ಷೇಪಿಸಿದರೆ ಸಿದ್ಧ ಉತ್ತರವೊಂದಿದೆ: ಇದು ಸೀಮಿತ ದಾಳಿ, ಗುರಿಗೆ ಮಾತ್ರ ಹೊಡೆತ, ಜನರಿಗೆ ತೊಂದರೆಯಿಲ್ಲ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಕೆಟ್ಟ ಉದಾಹರಣೆ ಹಿಡಿದು ವಾದ ಗೆಲ್ಲುವುದು ಸುಲಭ. ಆದ್ದರಿಂದ ಇದ್ದುದರಲ್ಲಿ ‘ಒಳ್ಳೆಯ’ ದಾಳಿಯನ್ನೇ ನೋಡೋಣ.

2018ರ ಏಪ್ರಿಲ್ 14ರ ನಸುಕಿನಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ ಸಿರಿಯಾದ ಮೂರು ಗುರಿಗಳ ಮೇಲೆ 105 ಕ್ಷಿಪಣಿ ಹಾರಿಸಿದವು. ಅವುಗಳಲ್ಲಿ 66 ಟೊಮಾಹಾಕ್ ಕ್ರೂಸ್ ಕ್ಷಿಪಣಿಗಳು. ಅವು ಹೊರಟದ್ದು ಅಮೆರಿಕದ ಮೂರು ನೌಕೆ ಮತ್ತು ಒಂದು ಜಲಾಂತರ್ಗಾಮಿಯಿಂದ: ಕೆಂಪು ಸಮುದ್ರದಿಂದ, ಮೆಡಿಟರೇನಿಯನ್‌ನಿಂದ, ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಿಗೆ ಅನ್ನ ಕೊಡುವ ಕೊಲ್ಲಿಯ ಉತ್ತರ ತುದಿಯಿಂದಲೂ. ಫ್ರಾನ್ಸಿನ ಒಂದು ನೌಕೆ 3 ಹಾರಿಸಿತು, ಉಳಿದವು ವಿಮಾನಗಳಿಂದ. ಕ್ರೂಸ್ ಕ್ಷಿಪಣಿ ಎಂದರೆ ಪೈಲಟ್ ಇಲ್ಲದ ಪುಟ್ಟ ಜೆಟ್ ವಿಮಾನ ಅಂದುಕೊಳ್ಳಿ. ತಗ್ಗಿನಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹಾರಿ, ಸುಮಾರು 450 ಕಿಲೋದ ಸಿಡಿತಲೆಯನ್ನು ಹೇಳಿದ ಕಟ್ಟಡಕ್ಕೆ ಮುಟ್ಟಿಸುತ್ತದೆ. ಹಾರಿಸಿದವನಿಗೆ ಆ ಕಟ್ಟಡ ಕಾಣುವುದಿಲ್ಲ. ಅವನ ಮೈಮೇಲೆ ಧೂಳೂ ಬೀಳುವುದಿಲ್ಲ.

ಆ ರಾತ್ರಿ ಯಾರೂ ಸತ್ತ ವರದಿಯಿಲ್ಲ, ಅದನ್ನು ಒಪ್ಪಿಕೊಳ್ಳೋಣ. ದಾಳಿಗೆ ಕೊಟ್ಟ ಕಾರಣವೂ ಸುಳ್ಳಲ್ಲ. ಒಂದು ವಾರ ಹಿಂದೆ, ಏಪ್ರಿಲ್ 7ರಂದು, ದಮಾಸ್ಕಸ್ ಪಕ್ಕದ ದೂಮಾದಲ್ಲಿ ಮಕ್ಕಳೂ ಸೇರಿ 43 ಜನ ಕ್ಲೋರಿನ್ ಅನಿಲಕ್ಕೆ ಉಸಿರುಗಟ್ಟಿ ಸತ್ತರು. ಸಿರಿಯಾ ವಾಯುಪಡೆಯೇ ಆ ಸಿಲಿಂಡರುಗಳನ್ನು ಎಸೆಯಿತೆಂದು ನಂಬಲು ಸಕಾರಣವಿದೆ ಎಂದು ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ 2023ರ ಜನವರಿಯಲ್ಲಿ ವರದಿ ಕೊಟ್ಟಿತು. ಕ್ಷಿಪಣಿಯನ್ನು ವಿರೋಧಿಸುವ ಭರದಲ್ಲಿ ಈ ಪಾಪವನ್ನು ಮುಚ್ಚುವವರ ಜೊತೆ ನಾವಿಲ್ಲ.

ಆದರೆ ಆ 43 ಜನರಿಗೆ, ಅವರ ನೆರೆಮನೆಯವರಿಗೆ, ಈ 105 ಕ್ಷಿಪಣಿಗಳಿಂದ ಏನು ಸಿಕ್ಕಿತು? 76 ಕ್ಷಿಪಣಿಗಳು ಬಿದ್ದದ್ದು ಬರ್ಜಾ ಎಂಬಲ್ಲಿನ ಒಂದೇ ಸಂಶೋಧನಾ ಕೇಂದ್ರದ ಮೇಲೆ. ಹಿಂದಿನ ನವೆಂಬರಿನಲ್ಲಷ್ಟೇ ಅದೇ ಸಂಸ್ಥೆಯವರು ಅಲ್ಲಿ ತಪಾಸಣೆ ಮಾಡಿದ್ದರು. ಮಾದರಿಗಳಲ್ಲಿ ನಿಷೇಧಿತ ರಾಸಾಯನಿಕ ಸಿಕ್ಕಿರಲಿಲ್ಲ. ಕ್ಲೋರಿನ್ ಅಂತೂ ಕುಡಿಯುವ ನೀರಿಗೆ ಹಾಕುವ ವಸ್ತು, ಕಟ್ಟಡ ಕೆಡವಿದರೆ ಮುಗಿಯುವಂಥದ್ದಲ್ಲ. ದೂಮಾದ ಸತ್ಯ ಹುಡುಕಲು ಹೊರಟಿದ್ದ ತನಿಖಾ ತಂಡ ದಮಾಸ್ಕಸ್‌ಗೆ ಬಂದದ್ದು ದಾಳಿ ನಡೆದ ಆ ದಿನವೇ. ಅವರಿಗಾಗಿ ಯಾರೂ ಕಾಯಲಿಲ್ಲ.

ಬಲಪ್ರಯೋಗಕ್ಕೆ ನಮ್ಮ ಧರ್ಮಸಭೆ ಕಟ್ಟುನಿಟ್ಟಿನ ಷರತ್ತುಗಳನ್ನು ಇಟ್ಟಿದೆ. ಕಥೋಲಿಕ ಧರ್ಮೋಪದೇಶದ 2309ನೇ ಸಂಖ್ಯೆ ತೆರೆದು ನೋಡಿ. ಬೇರೆಲ್ಲ ದಾರಿ ಮುಚ್ಚಿರಬೇಕು, ಸಫಲವಾಗುವ ಗಂಭೀರ ಭರವಸೆ ಇರಬೇಕು. ಇಲ್ಲಿ ಸಫಲತೆಯ ಮಾತೇ ಇರಲಿಲ್ಲ. ಅಂತರ್ಯುದ್ಧದಲ್ಲಿ ತಲೆಹಾಕುವುದಕ್ಕಲ್ಲ, ಆಡಳಿತ ಬದಲಿಸುವುದಕ್ಕೂ ಅಲ್ಲ ಎಂದು ಬ್ರಿಟನ್ ಪ್ರಧಾನಿ ತೆರೆಸಾ ಮೇ ಸ್ವತಃ ಹೇಳಿದರು. ಹಾಗಾದರೆ ಏನೋ ಮಾಡಿದೆವು ಎಂದು ತೋರಿಸಿಕೊಳ್ಳುವುದಕ್ಕೇ? ಸಂಸತ್ತಿನ ಮತವನ್ನೂ ಅವರು ಕೇಳಲಿಲ್ಲ. 2013ರಲ್ಲಿ ಇಂಥದೇ ಪ್ರಸ್ತಾಪ 272ಕ್ಕೆ 285 ಮತಗಳಿಂದ ಬಿದ್ದಿತ್ತಲ್ಲ! ತಮ್ಮ ಮಗನ ಶವಪೆಟ್ಟಿಗೆ ಮನೆಗೆ ಬರುವ ಭಯ ಇದ್ದರೆ ಜನ ಪ್ರಶ್ನೆ ಕೇಳುತ್ತಾರೆ. ಸಾವಿರ ಕಿಲೋಮೀಟರ್ ದೂರದ ಹಡಗು ಆ ಪ್ರಶ್ನೆಯನ್ನೇ ಇಲ್ಲವಾಗಿಸುತ್ತದೆ. ನಮ್ಮ ಮುಖ್ಯ ತಕರಾರು ಇದು. ಹೊಡೆಯುವವನಿಗೆ ಮಾತ್ರ ಇದು ಸೀಮಿತ. ಆದ್ದರಿಂದಲೇ ಮತ್ತೆ ಮತ್ತೆ ನಡೆಯುತ್ತದೆ: 2017ರಲ್ಲಿ ಸಿರಿಯಾದ ಶೈರಾತ್ ವಾಯುನೆಲೆಗೆ 59 ಟೊಮಾಹಾಕ್, ಮರುವರ್ಷ ಇದು, 2024ರ ಜನವರಿಯಲ್ಲಿ ಯೆಮನ್.

ಸಂತ ಪೌಲರ ಕಣ್ಣು ತೆರೆದ ಊರು ದಮಾಸ್ಕಸ್. ಅಲ್ಲಿ ಪೀಠವಿರುವ ಮೂರು ಪ್ರಾಚೀನ ಸಭೆಗಳ ಪೇಟ್ರಿಯಾರ್ಕರು, ಗ್ರೀಕ್ ಆರ್ಥೊಡಾಕ್ಸ್, ಸಿರಿಯಾಕ್ ಆರ್ಥೊಡಾಕ್ಸ್ ಮತ್ತು ರೋಮಿನೊಡನೆ ಒಂದಾಗಿರುವ ಮೆಲ್ಕೈಟ್, ಅದೇ ದಿನ ಒಟ್ಟಾಗಿ ದಾಳಿಯನ್ನು ಖಂಡಿಸಿದರು. ಅವರು ಸಿರಿಯಾದ ಸೇನೆಯನ್ನೂ ಹೊಗಳಿದ್ದರು. ದೂಮಾದ ನಂತರ ಅದು ನಮಗೆ ಹಿಡಿಸಲಿಲ್ಲ. ಪೋಪ್ ಫ್ರಾನ್ಸಿಸ್ ಈ ತಪ್ಪು ಮಾಡಲಿಲ್ಲ. ಏಪ್ರಿಲ್ 8ರಂದು, ದೇವಕರುಣೆಯ ಭಾನುವಾರ, ಅವರು ವಿಷಾನಿಲವನ್ನು ಖಂಡಿಸಿದರು. ಮುಂದಿನ ಭಾನುವಾರ ಜಗತ್ತಿನ ನಾಯಕರನ್ನು ಶಾಂತಿಗಾಗಿ ಬೇಡಿಕೊಂಡರು.

“ಭದ್ರತಾ ಮಂಡಳಿಯಲ್ಲಿ ರಷ್ಯಾ ವೀಟೊ ಹಾಕುತ್ತಿರುವಾಗ ಮತ್ತೇನು ಮಾಡಬೇಕಿತ್ತು?” ಎಂದು ನಮ್ಮಲ್ಲೇ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಾಗಿಲು ತೆರೆಯಬಹುದಿತ್ತು. 2016ರ ಹಣಕಾಸು ವರ್ಷದಲ್ಲಿ ಅಮೆರಿಕ ಸಿರಿಯಾದ 12 ಸಾವಿರಕ್ಕೂ ಹೆಚ್ಚು ನಿರಾಶ್ರಿತರನ್ನು ಸೇರಿಸಿಕೊಂಡಿತ್ತು. ಈ ದಾಳಿ ನಡೆದ 2018ರ ಹಣಕಾಸು ವರ್ಷದಲ್ಲಿ ಸೇರಿಸಿಕೊಂಡದ್ದು 62 ಮಂದಿಯನ್ನು. ಒಂದೇ ರಾತ್ರಿ ಹಾರಿಸಿದ ಟೊಮಾಹಾಕ್‌ಗಳೇ ಅದಕ್ಕಿಂತ ನಾಲ್ಕು ಹೆಚ್ಚು, ಒಂದೊಂದರ ಬೆಲೆ 10 ಲಕ್ಷ ಡಾಲರಿಗೂ ಮೇಲೆ.

ನಮ್ಮ ಕೈಯಲ್ಲಿ ಏನಿದೆ ಎನ್ನುವವರಿಗೆ ಒಂದು ಮಾತು. ಶುಭಶುಕ್ರವಾರ ಇಗರ್ಜಿಯಲ್ಲಿ ಪವಿತ್ರನಾಡಿಗಾಗಿ ಎತ್ತುವ ಕಾಣಿಕೆ ಸಿರಿಯಾದ ಕ್ರೈಸ್ತರಿಗೂ ಹೋಗುತ್ತದೆ. ಅದರಲ್ಲಿ ಯುವಕರ ಪಾಲು ಎಷ್ಟಿರಬೇಕೆಂದು ಮುಂದಿನ ಸಭೆಯಲ್ಲಿ ಕೇಳಲಿದ್ದೇವೆ. ಚಪ್ಪಾಳೆ ಒತ್ತಿದವರು ಮೊದಲು ಬನ್ನಿ.