ಕನ್ನಡಿ ಹಿಡಿದರೆ ಕಾಣುವ ಅಕ್ಷರಗಳು

ಬೀದರ ಪಟ್ಟಣದಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್ ನಡೆದರೆ ಅಷ್ಟೂರ. ಅಲ್ಲಿನ ಬಹಮನಿ ಗುಮ್ಮಟಗಳ ಸಾಲಿನಲ್ಲಿ ಅಹಮದ್ ಶಾಹ ವಲಿಯ ಸಮಾಧಿಯೂ ಇದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಈ ಸುಲ್ತಾನ 1422ರಿಂದ 1436ರವರೆಗೆ ಆಳಿದ. ಇವನನ್ನು ಮುಸ್ಲಿಮರು ವಲಿಯೆಂದೂ ಲಿಂಗಾಯತರು ಅಲ್ಲಮಪ್ರಭುವೆಂದೂ ನಂಬಿ, ವರ್ಷಕ್ಕೊಮ್ಮೆ ಕೂಡಿ ಜಾತ್ರೆ ಮಾಡುತ್ತಾರೆ.

ಒಳಗೆ ಕತ್ತಲೆ. ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿ ತೋರಿಸುವ ರೂಢಿ ಇಲ್ಲಿದೆ. ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ ಎಂದು ಪಾಠದಲ್ಲಿ ಓದಿದ್ದು ಇಲ್ಲಿ ಕಣ್ಣೆದುರು ನಡೆಯುತ್ತದೆ. ಕನ್ನಡಿ ತುಸು ವಾಲಿದರೆ ಸಾಕು, ಬೆಳಕು ಗೋಡೆಯಿಂದ ಗುಮ್ಮಟಕ್ಕೇರುತ್ತದೆ. ಆಗ ಬಂಗಾರದ, ಕೆಂಪಿನ, ನೀಲಿಯ ಬಳ್ಳಿಗಳ ನಡುವೆ ಅಕ್ಷರಗಳು ಹೊಳೆಯುತ್ತವೆ. ಕೂಫಿ, ಸುಲುಸ್, ತುಗ್ರಾ ಶೈಲಿಯ ಬರಹಗಳವು. ಕಿರ್ಮಾನಿನ ಸಂತ ಶಾಹ ನಿಯಾಮತುಲ್ಲಾ ಅವರ ಗುರುಪರಂಪರೆ ಮತ್ತು ಪದ್ಯಗಳೂ ಅದರಲ್ಲಿವೆ. ಗೋಡೆಯೇ ಇಲ್ಲಿ ಗ್ರಂಥ.

ಚೀನಾದ ಶೀಆನ್ ನಗರದಲ್ಲಿಯೂ ಇಂಥ ಗ್ರಂಥವಿದೆ. ಕ್ರಿ.ಶ. 837ರಲ್ಲಿ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಅಲ್ಲಿ 114 ಕಲ್ಲುಗಳ ಮೇಲೆ ಕೊರೆದರು. ಕೊರೆದ ಕಲ್ಲಿಗೆ ಒದ್ದೆ ಕಾಗದ ಒತ್ತಿ ಮೇಲೆ ಮಸಿ ತಟ್ಟಿದರೆ ಅಕ್ಷರಗಳು ಕಾಗದಕ್ಕೆ ಇಳಿಯುತ್ತವೆ. ಹಾಗಾಗಿ ಒಂದು ಕಲ್ಲಿನಿಂದ ಎಷ್ಟೋ ಪ್ರತಿ.

ಅಷ್ಟೂರಿನ ಬರಹಕ್ಕೆ ಆ ಭಾಗ್ಯವಿಲ್ಲ. ಅದು ಗಾರೆಯ ಮೇಲಿನ ಬಣ್ಣ. ಒದ್ದೆ ಕಾಗದ ತಗುಲಿದರೆ ಬಣ್ಣವೇ ಎದ್ದುಬರುತ್ತದೆ. ಮಳೆನೀರು ಗೋಡೆಗೆ ಇಳಿದರೆ ಗಾರೆಯ ಲವಣ ಕರಗಿ ಮೇಲಕ್ಕೆ ಬಂದು, ಒಣಗಿದಾಗ ಹರಳುಗಟ್ಟಿ ಬಣ್ಣವನ್ನು ಚಕ್ಕೆಯಾಗಿ ಉದುರಿಸುತ್ತದೆ. ದೀಪದ ಹೊಗೆಯ ಇಂಗಾಲ ಮಸಿಯಾಗಿ ಕೂರುತ್ತದೆ. ಕನ್ನಡಿಯ ಬೆಳಕಿಗಾದರೋ ಹೊಗೆಯಿಲ್ಲ.

ವಿದ್ವಾಂಸ ಗುಲಾಮ್ ಯಜ್ದಾನಿ ಇಲ್ಲಿಯ ಬರಹಗಳನ್ನು ಓದಿ, 1947ರಲ್ಲಿ ಹೊರಬಂದ ತಮ್ಮ ಬೀದರ್ ಗ್ರಂಥದಲ್ಲಿ ದಾಖಲಿಸಿದರು. ಓದು ಉಳಿಯಿತು ನಿಜ, ಆದರೆ ಬರೆದವನ ಕೈಯ ತಿರುವು ಉಳಿಯಬೇಕಾದರೆ ಗೋಡೆಯೇ ಉಳಿಯಬೇಕು.

ಹಳೆಯ ಗೋಡೆ ಕಂಡರೆ ಮೊಳೆಯಿಂದ ಹೆಸರು ಗೀಚುವ ಚಪಲ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಉಂಟು. ಒಂದು ಗೀಚಿಗೆ ಅರ್ಧ ನಿಮಿಷ ಸಾಕು. ಅಳಿಸಿಹೋದದ್ದು ಸುಮಾರು ಆರುನೂರು ವರ್ಷ ಬಾಳಿದ ಅಕ್ಷರ. ಜಾತ್ರೆಗೆ ಹೋಗುವ ತಂದೆತಾಯಿಗಳು ಮಕ್ಕಳ ಕೈಗೆ ಒಂದು ನೋಟುಬುಕ್ಕು ಕೊಡಲಿ. ಹೆಸರು ಬರೆಯಲು ಅದರಲ್ಲಿ ಬೇಕಾದಷ್ಟು ಜಾಗವಿದೆ.