ಹೊಸ ಅಲ್ಟ್ರಾವೈಡ್ ಮಾನಿಟರ್ ‘ಡಿಫೆಕ್ಟ್’ ಎನ್ನುವ ಮುನ್ನ ಕೇಬಲ್ ನೋಡಿ

ಬನ್ನೂರು, ತಿ. ನರಸೀಪುರ, ನಂಜನಗೂಡಿನಂಥ ಊರುಗಳಲ್ಲಿ ಗೇಮಿಂಗ್ ಪಿಸಿ ಕಟ್ಟಿಸುವವರಿಗೆ ದೊಡ್ಡ ತಲೆನೋವು ಮಾನಿಟರ್. ಅದು ಮೈಸೂರಿನ ಅಂಗಡಿಯಿಂದಲೋ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ, ಆನ್‌ಲೈನ್‌ನಲ್ಲೋ ಬರಬೇಕು. ಅಲ್ಟ್ರಾವೈಡ್ ಆದರೆ ಪೆಟ್ಟಿಗೆಯೇ ಸುಮಾರು ಒಂದು ಮೀಟರ್ ಉದ್ದ. ಬಂದದ್ದು ಸರಿಯಿಲ್ಲವೆಂದರೆ ಆ ಪೆಟ್ಟಿಗೆ ಹೊತ್ತು ಮತ್ತೆ ಬಸ್ಸು ಹತ್ತಬೇಕು, ಇಲ್ಲವೇ ಕೊರಿಯರ್‌ನವನಿಗಾಗಿ ದಿನಗಟ್ಟಲೆ ಕಾಯಬೇಕು. ಮನೆಯಲ್ಲಿ ‘ಅಷ್ಟು ದುಡ್ಡು ಸುರಿದು ಇದೇನು ತಂದೆ’ ಎಂಬ ಮಾತು ಬೇರೆ.

ವಾಪಸ್ ಕಳಿಸುವ ಯೋಚನೆ ಬರುವಷ್ಟು ತೊಂದರೆ ಕೊಡುವ ಮಾನಿಟರ್ ಎಷ್ಟೋ ಸಲ ಕೆಟ್ಟೇ ಇರುವುದಿಲ್ಲ. ಪರದೆ ಆಗಾಗ ಕಪ್ಪಾಗುವುದು, 144 ಹರ್ಟ್ಜ್ ಎಂದು ಕೊಂಡದ್ದು 60ರಲ್ಲೇ ನಿಲ್ಲುವುದು, ಆಟದ ಎರಡೂ ಬದಿಗೆ ಕಪ್ಪು ಪಟ್ಟಿ ಬರುವುದು, ಇವುಗಳ ಕಾರಣ ಸಾಮಾನ್ಯವಾಗಿ ಮಾನಿಟರಿನ ಹೊರಗೇ ಸಿಗುತ್ತದೆ. ಇನ್ನು ಕೊಳ್ಳುವಾಗ ನಂಬುವ ಕೆಲವು ಮಾತುಗಳು ಲೆಕ್ಕಕ್ಕೇ ನಿಲ್ಲುವುದಿಲ್ಲ.

34 ಇಂಚು 32 ಇಂಚಿಗಿಂತ ದೊಡ್ಡದೇ?

ಅಲ್ಲ! ಇಂಚಿನ ಲೆಕ್ಕ ಮೂಲೆಯಿಂದ ಮೂಲೆಗೆ. ಅಗಲ ಹೆಚ್ಚಿಸಿ ಎತ್ತರ ತಗ್ಗಿಸಿದರೂ ಇಂಚು ಅಷ್ಟೇ ಇರುತ್ತದೆ, ಜಾಗ ಮಾತ್ರ ಕಡಿಮೆಯಾಗುತ್ತದೆ. 34 ಇಂಚಿನ ಅಲ್ಟ್ರಾವೈಡ್ ಸುಮಾರು 80 ಸೆಂ.ಮೀ. ಅಗಲ, 33 ಸೆಂ.ಮೀ. ಎತ್ತರ. 32 ಇಂಚಿನ ಮಾಮೂಲಿ ಪರದೆ ಸುಮಾರು 71 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ. ಗುಣಿಸಿ ನೋಡಿ, 32 ಇಂಚಿನದ್ದೇ ದೊಡ್ಡದು. 34 ಇಂಚಿನ ಅಲ್ಟ್ರಾವೈಡ್ ಎಂದರೆ 27 ಇಂಚಿನ ಮಾನಿಟರನ್ನು ಎಡಬಲಕ್ಕೆ ಎಳೆದಂತೆ; ಎತ್ತರ ಹೆಚ್ಚುಕಡಿಮೆ ಅಷ್ಟೇ. 29 ಇಂಚಿನದ್ದರ ಎತ್ತರವಂತೂ 23 ಇಂಚಿನ ಮಾನಿಟರಿನಷ್ಟೇ. ಈಗ 24 ಇಂಚು ಬಳಸುತ್ತಿರುವವರು 29 ತಂದರೆ ಪರದೆ ಕುಳ್ಳಾಗಿ ಕಾಣುತ್ತದೆ. ಅದು ಕಂಪನಿಯ ಮೋಸವಲ್ಲ, ರೇಖಾಗಣಿತ.

ಈ ಉದ್ದನೆಯ ಆಕಾರ ನಮಗೆ ಹೊಸದೂ ಅಲ್ಲ. ಥಿಯೇಟರಿನ ಸಿನಿಮಾಸ್ಕೋಪ್ ಪರದೆಯ ಅಗಲ ಎತ್ತರದ 2.39 ಪಟ್ಟು. 3440×1440 ಮಾನಿಟರಿನದ್ದೂ ಅಷ್ಟೇ. ಹಾಗಾಗಿ ಸಿನಿಮಾಸ್ಕೋಪ್ ಚಿತ್ರ ಇದರಲ್ಲಿ ಅಂಚಿನಿಂದ ಅಂಚಿಗೆ ತುಂಬುತ್ತದೆ, ಯೂಟ್ಯೂಬಿನ ಮಾಮೂಲಿ ವಿಡಿಯೊ ಮಾತ್ರ ಎರಡೂ ಬದಿ ಖಾಲಿ ಬಿಡುತ್ತದೆ.

ಇಂಚಿನ ಜೊತೆ ಪಿಕ್ಸೆಲ್ ಲೆಕ್ಕವನ್ನೂ ನೋಡಬೇಕು. 34 ಇಂಚಿನ ಅಗ್ಗದ ಮಾದರಿಗಳಲ್ಲಿ ಕೆಲವು 2560×1080 ಮಾತ್ರ. ಅಲ್ಲಿ ಒಂದು ಇಂಚಿಗೆ ಸುಮಾರು 82 ಚುಕ್ಕಿ, 3440×1440ರಲ್ಲಿ ಸುಮಾರು 110. ದಿನಾ ಮೊಬೈಲಿನ ಚೂಪಾದ ಪರದೆ ನೋಡುವ ಕಣ್ಣಿಗೆ 82ರ ಅಕ್ಷರಗಳು ಹಲ್ಲುಹಲ್ಲಾಗಿ ಕಾಣುತ್ತವೆ. 1080 ಸಾಲಿನ ಅಲ್ಟ್ರಾವೈಡ್ ಬೇಕೆಂದರೆ 29 ಇಂಚಿಗೆ ನಿಲ್ಲಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಬಾಗಿದ ಪರದೆಯ ಮೇಲೆ 1000 ಆರ್, 1500 ಆರ್, 1800 ಆರ್ ಎಂದು ಬರೆದಿರುತ್ತಾರೆ. ಅದು ಗುಣಮಟ್ಟದ ಅಂಕವಲ್ಲ. ಆ ಬಾಗನ್ನು ಮುಂದುವರಿಸಿ ಪೂರ್ತಿ ವೃತ್ತ ಮಾಡಿದರೆ ಅದರ ತ್ರಿಜ್ಯ ಎಷ್ಟು ಮಿಲಿಮೀಟರ್ ಎಂದಷ್ಟೇ ಅರ್ಥ. ಅಂಕಿ ಸಣ್ಣದಾದಷ್ಟೂ ಬಾಗು ಹೆಚ್ಚು. ಮೇಜಿನ ಆಳವನ್ನೂ ಒಮ್ಮೆ ಅಳೆಯಿರಿ. ಎರಡಡಿ ಆಳದ ಮೇಜಿನಲ್ಲಿ ಸ್ಟ್ಯಾಂಡೇ ಒಂದು ಪಾಲು ಜಾಗ ತಿಂದರೆ 80 ಸೆಂ.ಮೀ. ಅಗಲದ ಪರದೆ ಮೂಗಿಗೆ ತಾಗುವಷ್ಟು ಹತ್ತಿರ ಬರುತ್ತದೆ.

ಕೊಳ್ಳುವ ಮೊದಲೇ ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. 3440×1440ರಲ್ಲಿ 49.5 ಲಕ್ಷ. ಗ್ರಾಫಿಕ್ಸ್ ಕಾರ್ಡ್ ಪ್ರತಿ ಫ್ರೇಮಿಗೂ ಹತ್ತಿರ ಹತ್ತಿರ ಎರಡೂವರೆ ಪಟ್ಟು ಚುಕ್ಕಿಗಳಿಗೆ ಬಣ್ಣ ಹಾಕಬೇಕು. ಫ್ರೇಮುಗಳು ಸರಿಯಾಗಿ ಅದೇ ಪ್ರಮಾಣದಲ್ಲಿ ಇಳಿಯುತ್ತವೆ ಎಂದಲ್ಲ, ಆದರೆ ಇಳಿತ ದೊಡ್ಡದೇ. ‘ಹೊಸ ಮಾನಿಟರ್ ಹಾಕಿದ ಮೇಲೆ ಗೇಮ್ ಎಳೆಯುತ್ತಿದೆ’ ಎಂಬ ದೂರಿನ ಹಿಂದೆ ಇರುವುದು ಇದು. ಮಾನಿಟರ್ ನಿಧಾನವಾಗಿರುವುದಿಲ್ಲ, ಕಾರ್ಡಿಗೆ ಕೆಲಸ ಹೆಚ್ಚಾಗಿರುತ್ತದೆ.

ಇದನ್ನು ಒಂದು ರೂಪಾಯಿ ಖರ್ಚಿಲ್ಲದೆ ಮೊದಲೇ ತಿಳಿಯಬಹುದು. ಎನ್‌ವಿಡಿಯಾ ಕಾರ್ಡಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡಿಎಸ್‌ಆರ್ ಎಂಬ ಆಯ್ಕೆ ಇದೆ. ಈಗಿರುವ 1080 ಪಿ ಮಾನಿಟರಿನಲ್ಲೇ ಅದನ್ನು 2.25 ಪಟ್ಟಿಗೆ ಇಟ್ಟರೆ ಆಟದೊಳಗೆ 2880×1620 ಎಂಬ ಆಯ್ಕೆ ಕಾಣುತ್ತದೆ. ಅಂದರೆ ಸುಮಾರು 46.7 ಲಕ್ಷ ಪಿಕ್ಸೆಲ್, ಅಲ್ಟ್ರಾವೈಡಿಗೆ ತೀರಾ ಹತ್ತಿರ. ಎಎಂಡಿಯಲ್ಲಿ ಇದೇ ಬಗೆಯ ಸೌಲಭ್ಯಕ್ಕೆ ವರ್ಚುವಲ್ ಸೂಪರ್ ರೆಸಲ್ಯೂಷನ್ ಎಂದು ಹೆಸರು. ನೀವು ಆಡುವ ಆಟವನ್ನು ಹೀಗೆ ಅರ್ಧ ಗಂಟೆ ಆಡಿ ನೋಡಿ. ಫ್ರೇಮುಗಳು ಸಾಲದೆನಿಸಿದರೆ ಮೊದಲು ಬದಲಿಸಬೇಕಾದ್ದು ಕಾರ್ಡ್. ಇಲ್ಲವೇ 2560×1080ಕ್ಕೆ ಇಳಿಯಿರಿ. ಅಲ್ಲಿ ಹೊರೆ 1080 ಪಿಗಿಂತ ಮೂರನೇ ಒಂದು ಭಾಗ ಮಾತ್ರ ಹೆಚ್ಚು.

144 ಹರ್ಟ್ಜ್ ಎಂದಿದ್ದರು, 60 ಮಾತ್ರ ಬರುತ್ತಿದೆ

ಮೊದಲು ಪಿಸಿಯ ಹಿಂಭಾಗ ನೋಡಿ. ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿ ಮೇಲ್ಗಡೆ ಯುಎಸ್‌ಬಿ ಕಿಂಡಿಗಳ ಜೊತೆ ಇರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಕಿಂಡಿಗಳು ಸಾಮಾನ್ಯವಾಗಿ ಕೆಳಗೆ, ಅಡ್ಡಸಾಲಾಗಿ ಇರುತ್ತವೆ. ಕೇಬಲ್ ಮೇಲಿನದಕ್ಕೆ ಹೋಗಿದ್ದರೆ ಅಷ್ಟು ಬೆಲೆಯ ಕಾರ್ಡ್ ಸುಮ್ಮನೆ ಕೂತಿದೆ ಎಂದೇ ತಿಳಿಯಿರಿ.

ಆಮೇಲೆ ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಒಳಹೋಗಿ ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. ಹೊಸ ಮಾನಿಟರ್ ಜೋಡಿಸಿದಾಗ ವಿಂಡೋಸ್ ಎಷ್ಟೋ ಸಲ 60ರಲ್ಲೇ ಬಿಟ್ಟಿರುತ್ತದೆ. ಪಟ್ಟಿಯಲ್ಲಿ 144 ಕಂಡರೆ ಅದನ್ನು ಒತ್ತಿದರೆ ಕೆಲಸ ಮುಗಿಯಿತು. ಪಟ್ಟಿಯಲ್ಲೇ ಇಲ್ಲದಿದ್ದರೆ ಕೇಬಲ್ ಕಡೆ ಬನ್ನಿ.

ಕೇಬಲನ್ನು ನಾಲೆಯಂತೆ ಯೋಚಿಸಿ. ನಾಲೆಯ ಅಗಲ ಇಷ್ಟೇ ಎಂದರೆ ಕಾಲಕ್ಕೆ ಹರಿಯುವ ನೀರೂ ಇಷ್ಟೇ. 49.5 ಲಕ್ಷ ಪಿಕ್ಸೆಲ್, ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 144 ಸಲ: ಗುಣಿಸಿದರೆ ಸೆಕೆಂಡಿಗೆ 1,700 ಕೋಟಿ ಬಿಟ್, ಅಂದರೆ 17 ಗಿಗಾಬಿಟ್. ಎಚ್‌ಡಿಎಂಐ 1.4ರಲ್ಲಿ ಚಿತ್ರಕ್ಕೆ ಸಿಗುವುದು 8.16 ಗಿಗಾಬಿಟ್, 60 ಹರ್ಟ್ಜ್ ದಾಟಿಸುವುದೇ ಕಷ್ಟ. ಎಚ್‌ಡಿಎಂಐ 2.0ರಲ್ಲಿ 14.4, ಅದಕ್ಕೇ ಅನೇಕ ಮಾನಿಟರುಗಳು ಎಚ್‌ಡಿಎಂಐಯಲ್ಲಿ 100 ಹರ್ಟ್ಜ್‌ಗೆ ನಿಲ್ಲುತ್ತವೆ. ಡಿಸ್‌ಪ್ಲೇಪೋರ್ಟ್ 1.4ರಲ್ಲಿ 25.92 ಇದೆ, 144 ಆರಾಮವಾಗಿ ಹೋಗುತ್ತದೆ. ನಿಮ್ಮ ಕಾರ್ಡಿನಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ ಎನ್ನುವುದು ಈ ಕಾರಣಕ್ಕೆ.

‘ಪೆಟ್ಟಿಗೆಯ ಮೇಲೆ ಎಚ್‌ಡಿಎಂಐ 2.1 ಎಂದಿದೆಯಲ್ಲ’ ಎನ್ನಬಹುದು. ಎಚ್‌ಡಿಎಂಐ ಪರವಾನಗಿ ಸಂಸ್ಥೆಯ ನಿಯಮದ ಪ್ರಕಾರ 2.0 ಎಂಬ ಹೆಸರು ಈಗ ಪ್ರತ್ಯೇಕವಾಗಿ ಇಲ್ಲ, 2.1ರ ಹೆಚ್ಚಿನ ಸೌಲಭ್ಯಗಳು ಐಚ್ಛಿಕ. ಆದ್ದರಿಂದ 2.0ರಷ್ಟೇ ಸಾಮರ್ಥ್ಯದ ಕಿಂಡಿಗೂ 2.1 ಎಂದು ಬರೆಯಬಹುದು. ಆವೃತ್ತಿಯ ಅಂಕಿ ನಂಬಬೇಡಿ. ಕಂಪನಿಯ ಕೈಪಿಡಿಯಲ್ಲಿ ‘ಎಚ್‌ಡಿಎಂಐ ಮೂಲಕ ಗರಿಷ್ಠ ಎಷ್ಟು ಹರ್ಟ್ಜ್’ ಎಂಬ ಸಾಲು ಹುಡುಕಿ.

ಕೇಬಲ್ ಮೇಲೆ ಅಚ್ಚಾದ ‘4ಕೆ’, ‘8ಕೆ’, ಚಿನ್ನದ ಲೇಪ, ಇವು ಯಾವುವೂ ಪ್ರಮಾಣಪತ್ರವಲ್ಲ. ಎಚ್‌ಡಿಎಂಐಯ ‘ಅಲ್ಟ್ರಾ ಹೈ ಸ್ಪೀಡ್’ ಕೇಬಲಿನ ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಇರುವ ಚೀಟಿ ಇರಬೇಕು. ಅದನ್ನು ಸಂಸ್ಥೆಯ ಆ್ಯಪ್‌ನಲ್ಲಿ ಮೊಬೈಲಿನಿಂದಲೇ ಸ್ಕ್ಯಾನ್ ಮಾಡಿ ಅಸಲಿಯೇ ಎಂದು ನೋಡಬಹುದು. ಡಿಸ್‌ಪ್ಲೇಪೋರ್ಟ್ ಕೇಬಲುಗಳಲ್ಲಿ ಇನ್ನೊಂದು ವಿಚಿತ್ರವಿದೆ. ಅವುಗಳ 20ನೇ ಪಿನ್‌ನಲ್ಲಿ ವಿದ್ಯುತ್ ಇರುತ್ತದೆ, ಕೇಬಲಿನ ಒಳಗೆ ಆ ತಂತಿ ಜೋಡಿಸಿರಬಾರದು ಎನ್ನುತ್ತದೆ ನಿಯಮ. ಕೆಲವು ಅಗ್ಗದ ಕೇಬಲುಗಳಲ್ಲಿ ಜೋಡಿಸಿಬಿಟ್ಟಿರುತ್ತಾರೆ. ಆಗ ಪಿಸಿ ಆನ್ ಆಗಲು ಮೊಂಡಾಟ ಮಾಡುವುದು, ಆಫ್ ಮಾಡಿದರೂ ಒಳಗೆ ದೀಪ ಮಿನುಗುವುದು ಕಾಣಬಹುದು. ಮಾನಿಟರ್ ಜೊತೆ ಬಂದ ಕೇಬಲನ್ನೇ ಮೊದಲು ಹಾಕಿ ನೋಡಿ.

ಬದಿಯ ಕಪ್ಪು ಪಟ್ಟಿ, ಕತ್ತಲಲ್ಲಿ ಮಿನುಗು

ಕೆಲವು ಆಟಗಳು ಅಲ್ಟ್ರಾವೈಡಿಗೆ ಮಾಡಿದವೇ ಅಲ್ಲ. 2022ರಲ್ಲಿ ಬಂದ ಎಲ್ಡನ್ ರಿಂಗ್ 16:9 ಚಿತ್ರವನ್ನಷ್ಟೇ ತೋರಿಸಿ ಎರಡೂ ಬದಿ ಕಪ್ಪು ಬಿಡುತ್ತದೆ, ಜೊತೆಗೆ 60 ಫ್ರೇಮ್ ಮಿತಿ. ವ್ಯಾಲೊರಂಟ್‌ನಲ್ಲಿ ಪರದೆ ಅಗಲವಾಯಿತೆಂದು ಹೆಚ್ಚು ಜಾಗ ಕಾಣುವುದಿಲ್ಲ. ಪೈಪೋಟಿಯ ಆಟದಲ್ಲಿ ದುಡ್ಡಿದ್ದವನಿಗೆ ಅಕ್ಕಪಕ್ಕ ಹೆಚ್ಚು ಕಂಡರೆ ಅನ್ಯಾಯ ಎಂಬುದು ತರ್ಕ. ಅಂಥ ಒಂದೆರಡು ಆಟಕ್ಕಷ್ಟೇ ಪಿಸಿ ಇಟ್ಟವರಿಗೆ ಅಲ್ಟ್ರಾವೈಡ್ ದಂಡ. ರೇಸಿಂಗ್, ವಿಮಾನದ ಆಟ ಆಡುವವರಿಗೆ, ಜೊತೆಗೆ ಎಡಿಟಿಂಗ್ ಮಾಡುವವರಿಗೆ ಅದರ ಸುಖ ಬೇರೆಯೇ.

ಕತ್ತಲ ದೃಶ್ಯದಲ್ಲಿ ಚಲಿಸುವ ವಸ್ತುವಿನ ಹಿಂದೆ ಮಸಿ ಬಳಿದಂತೆ ಕಂಡರೆ ಅದು ವಿಎ ಬಗೆಯ ಪರದೆಯ ಸ್ವಭಾವ. ಅಡಾಪ್ಟಿವ್ ಸಿಂಕ್ ಆನ್ ಇದ್ದಾಗ ಮೆನುಗಳಲ್ಲಿ ಮಿನುಗುವುದೂ ವಿಎಯಲ್ಲಿ ಹೆಚ್ಚು. ಫ್ರೇಮುಗಳಿಗೆ ಒಂದು ಮಿತಿ ಹಾಕಿದರೆ ಅಥವಾ ಸಿಂಕ್ ಆಫ್ ಮಾಡಿದರೆ ತಗ್ಗುತ್ತದೆ.

ಕುರ್ಚಿಯಿಂದ ಎದ್ದರೆ ಪರದೆ ಕಪ್ಪಾಗುತ್ತದಂತೆ!

ಕೇಳಿದರೆ ಫಾರ್ವರ್ಡ್ ಸುಳ್ಳು ಅನಿಸುತ್ತದೆ, ಆದರೆ ನಿಜ. ಗ್ಯಾಸ್ ಲಿಫ್ಟ್ ಇರುವ ಕುರ್ಚಿಯಲ್ಲಿ ಕೂತಾಗ, ಎದ್ದಾಗ ಸ್ಥಿರ ವಿದ್ಯುತ್ತಿನ ಸಣ್ಣ ಹೊಡೆತ ಹುಟ್ಟುತ್ತದೆ. ವಿಡಿಯೊ ಕೇಬಲ್ ಅದನ್ನು ಆ್ಯಂಟೆನಾದಂತೆ ಹಿಡಿದರೆ ಚಿತ್ರ ಒಂದೆರಡು ಸೆಕೆಂಡ್ ಹೋಗಿ ಬರುತ್ತದೆ. ಡಿಸ್‌ಪ್ಲೇಲಿಂಕ್ ಎಂಬ ಕಂಪನಿ ಇದನ್ನು ತನ್ನ ಗ್ರಾಹಕ ಸಹಾಯ ಪುಟದಲ್ಲೇ ಬರೆದಿದೆ. ಫ್ಯಾನ್, ಟ್ಯೂಬ್‌ಲೈಟ್ ಸ್ವಿಚ್ ಹಾಕಿದಾಗ ಪರದೆ ಕಪ್ಪಾಗುವುದಕ್ಕೂ ಕಾರಣ ಇದೇ ಜಾತಿಯದ್ದು. ಕೇಬಲ್ ಗಿಡ್ಡದಾಗಿರಲಿ, ಗಟ್ಟಿ ಹೊದಿಕೆಯದ್ದಾಗಿರಲಿ, ವಿದ್ಯುತ್ ತಂತಿಗಳಿಂದ ದೂರವಿರಲಿ.

ಪಿಸಿಯ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಹಾಗಾದರೆ ಆ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲದಿರಬಹುದು. ಮಾನಿಟರಿನ ವಿಷಯ ಪಕ್ಕಕ್ಕಿಟ್ಟು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡರಲ್ಲಿ ಓಡಿಸುವ ‘ಉಪಾಯ’ ಜೀವಕ್ಕೇ ಅಪಾಯ.

ಕಣ್ಣು ಮತ್ತು ಕರೆಂಟ್ ಬಿಲ್

ಪರದೆಯ ನೀಲಿ ಬೆಳಕು ಕಣ್ಣನ್ನು ಹಾಳುಮಾಡುತ್ತದೆ ಎಂಬುದಕ್ಕೆ ಪುರಾವೆ ಇಲ್ಲ ಎನ್ನುತ್ತದೆ ಅಮೆರಿಕದ ನೇತ್ರತಜ್ಞರ ಅಕಾಡೆಮಿ. ನೀಲಿ ಬೆಳಕು ತಡೆಯುವ ಕನ್ನಡಕದಿಂದ ಕಣ್ಣಿನ ಆಯಾಸ ತಗ್ಗುವುದು ಅನುಮಾನ ಎಂದು 2023ರ ಕಾಕ್ರೇನ್ ಪರಿಶೀಲನೆಯೂ ಹೇಳಿತು. ಕಣ್ಣು ಉರಿಯುವುದೇಕೆ ಎಂದರೆ ಪರದೆ ದಿಟ್ಟಿಸುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡಿ. ಬಾಗಿದ ಪರದೆಯ ಮಾನಿಟರ್ ಔಷಧಿಯೇನಲ್ಲ.

ದೊಡ್ಡ ಪರದೆ ಬಂದರೆ ಗೃಹಜ್ಯೋತಿಯ ಉಚಿತ ಯೂನಿಟ್ ಕೈತಪ್ಪುತ್ತದೆ ಎಂಬ ಭಯ ಕೆಲವು ಮನೆಗಳಲ್ಲಿದೆ. 34 ಇಂಚಿನ ಮಾನಿಟರ್ 50 ವ್ಯಾಟ್ ಆಸುಪಾಸು ತಿನ್ನುತ್ತದೆ ಎನ್ನೋಣ, ಹಳೆಯ ಸೀಲಿಂಗ್ ಫ್ಯಾನಿಗಿಂತ ಕಡಿಮೆ. ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 7.5 ಯೂನಿಟ್. ಆದರೆ ಆಟ ಓಡುವಾಗ ಪಿಸಿ 350 ವ್ಯಾಟ್ ಎಳೆದರೆ ಅಷ್ಟೇ ಹೊತ್ತಿಗೆ ತಿಂಗಳಿಗೆ 52 ಯೂನಿಟ್ ಮೀರುತ್ತದೆ. ಗೃಹಜ್ಯೋತಿಯಲ್ಲಿ ನಿಮ್ಮ ಹಿಂದಿನ ಸರಾಸರಿಯ ಮೇಲೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಹಾಗಾಗಿ ಅಮ್ಮನ ಕೋಪ ತಿರುಗಬೇಕಾದ್ದು ಗ್ರಾಫಿಕ್ಸ್ ಕಾರ್ಡಿನ ಕಡೆಗೆ.

ಬೆಲೆಯ ವಿಷಯದಲ್ಲಿ ಒಂದು ಹಳೆಯ ಮಾತು ಈಗ ಸುಳ್ಳಾಗಿದೆ. 32 ಇಂಚು ದಾಟಿದ ಮಾನಿಟರಿಗೆ ಶೇ 28 ಜಿಎಸ್‌ಟಿ ಇತ್ತು, ಅದಕ್ಕೇ 29 ಇಂಚು ತಗೊಳ್ಳಿ ಎನ್ನುತ್ತಿದ್ದರು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ 18. ಹಳೆಯ ದರ ಹೇಳಿ ಬಿಲ್ ಬರೆದರೆ ಕೇಳಿ.

ಪೆಟ್ಟಿಗೆ ಬಂದಾಗ

ಬಸ್ಸಿನಲ್ಲಿ ತರುವುದಾದರೆ ಪೆಟ್ಟಿಗೆ ನಿಂತೇ ಇರಲಿ, ಮಲಗಿಸಿ ಮೇಲೆ ಚೀಲ ಇಡಬೇಡಿ. ಬಿಚ್ಚುವಾಗ ಪೆಟ್ಟಿಗೆಯ ಆರೂ ಮುಖ ಕಾಣುವಂತೆ, ನಡುವೆ ನಿಲ್ಲಿಸದೆ ವಿಡಿಯೊ ಮಾಡಿ. ಪರದೆ ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಮಾಡಿ ಸತ್ತ ಪಿಕ್ಸೆಲ್ ಹುಡುಕಿ. ಎಷ್ಟು ಪಿಕ್ಸೆಲ್ ಸತ್ತರೆ ಬದಲಿ ಕೊಡುತ್ತಾರೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ನಿಮ್ಮ ಪಿನ್‌ಕೋಡಿಗೆ ಮನೆಗೇ ಬಂದು ರಿಪೇರಿ ಮಾಡುತ್ತಾರೆಯೇ ಎಂಬುದರ ಜೊತೆಗೆ ಇದನ್ನೂ ದುಡ್ಡು ಕಟ್ಟುವ ಮೊದಲೇ ಕೇಳಿ.

ಬೇರೆ ಕೇಬಲ್, ಬೇರೆ ಕಿಂಡಿ, ಸಾಧ್ಯವಾದರೆ ಗೆಳೆಯರ ಲ್ಯಾಪ್‌ಟಾಪ್, ಈ ಮೂರರಲ್ಲೂ ಅದೇ ತೊಂದರೆ ಕಂಡರೆ ಆಗ ಮಾನಿಟರೇ ದೋಷಿ. ಮೂರನ್ನೂ ವಿಡಿಯೊದಲ್ಲಿ ತೋರಿಸಿದರೆ ಸರ್ವಿಸ್ ಸೆಂಟರಿನವರು ‘ಕೇಬಲ್ ಬದಲಿಸಿ ನೋಡಿ’ ಎಂದು ಒಂದು ವಾರ ಕಳೆಯಲಾರರು. ಆಗಲೂ ಮಾರಿದವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.