ಜಾಮೀನು ಸಿಕ್ಕಿದರೂ ಜೈಲೇ ಗತಿ

2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನರಿದ್ದರು. ಅವರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ನೂರು ಜನರ ಜಾಗದಲ್ಲಿ ಸರಾಸರಿ 131 ಮಂದಿ. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ್ದೇ ಲೆಕ್ಕ.

ಹೊಸ ಜೈಲು ಕಟ್ಟಿದರಾಯಿತು ಎನ್ನುವವರಿದ್ದಾರೆ. ಪ್ರಗತಿಯಾಗುತ್ತಿದ್ದರೆ ಇನ್ನಷ್ಟು ಜೈಲು ಏಕೆ ಎಂದು ಅದೇ ವರ್ಷದ ಸಂವಿಧಾನ ದಿನದಂದು, ನ್ಯಾಯಮೂರ್ತಿಗಳ ಎದುರೇ ಕೇಳಿದವರು ರಾಷ್ಟ್ರಪತಿ ದ್ರೌಪದಿ ಮುರ್ಮು.

ರೋಗ ಹಳೆಯದು. ಅಪರಾಧ ಸಾಬೀತಾಗಿದ್ದರೆ ಆಗಬಹುದಾಗಿದ್ದ ಶಿಕ್ಷೆಗಿಂತಲೂ ಹೆಚ್ಚು ಕಾಲ ಬಿಹಾರದ ಬಡವರು ವಿಚಾರಣೆಯಿಲ್ಲದೆ ಒಳಗಿದ್ದ ಸಂಗತಿ 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಯಲಾಯಿತು. ತ್ವರಿತ ವಿಚಾರಣೆ ಮೂಲಭೂತ ಹಕ್ಕು ಎಂದಿತು ಸುಪ್ರೀಂ ಕೋರ್ಟ್. ಆದರೂ ಇಂದಿಗೂ ಜಾಮೀನು ಮಂಜೂರಾದ ಕೂಲಿಯವ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿಯುತ್ತಾನೆ. ಪಹಣಿ ಹಿಡಿದು ಕೋರ್ಟಿಗೆ ಬರುವಷ್ಟು ಧೈರ್ಯದ ನೆಂಟರು ಎಷ್ಟು ಮಂದಿಗಿದ್ದಾರು?

ಕಾನೂನಿಗೇನೂ ಬರವಿಲ್ಲ. ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೇ ಕಳೆದ, ಹಿಂದೆ ಶಿಕ್ಷೆಯಾಗಿರದ ಆರೋಪಿಯನ್ನು ಬಿಡಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಹಲವು ಪ್ರಕರಣಗಳಿರುವವರಿಗೆ ಇದು ಅನ್ವಯಿಸದು. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದು. ಹಳೆಯ ಪ್ರಕರಣಗಳಿಗೂ ಇದು ಸಲ್ಲುತ್ತದೆ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಡ ವಿಚಾರಣಾಧೀನ ಕೈದಿಯ ಜಾಮೀನಿಗೆ ಹಣ ಕೊಡುವ ಕೇಂದ್ರದ ಯೋಜನೆಯೂ ಇದೆ.

ಹೀಗಿರುವಾಗ ಸರ್ಕಾರ ಮೊದಲು ಮಾಡಬೇಕಾದದ್ದು ಇಷ್ಟು: ಬಿಡುಗಡೆಗೆ ಅರ್ಹರೆಷ್ಟು, ಬಿಟ್ಟವರೆಷ್ಟು ಎಂಬ ಲೆಕ್ಕವನ್ನು ಜೈಲುವಾರು ಪ್ರತಿ ತಿಂಗಳು ಜನರ ಮುಂದಿಡಲಿ.